ಓಬಯ್ಯನ ಕಲ್ಲಿನ ಕೆಳಗಿನ ಅಂಕಣ

"ಗುರುಗಳೇ, ಯುದ್ಧಕ್ಕೆ ಹೋಗಿ ಭೇದಿಯಾಗಿ ಸತ್ತವನನ್ನೂ ವೀರ ಎನ್ನಬೇಕೇ?"

ಶಿಷ್ಯ ಇದನ್ನು ಸುಮ್ಮನೆ ಕೇಳಿರಲಿಲ್ಲ. ಯುದ್ಧದಲ್ಲಿ ಮಡಿದ ಊರವರ ಹೆಸರುಗಳನ್ನು ಶಾಲೆಯ ಗೋಡೆಯ ಮೇಲೆ ಕೆತ್ತಿಸುವುದೆಂದು ತೀರ್ಮಾನವಾಗಿತ್ತು. ಪಟ್ಟಿ ಮಾಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಏಳು ಹೆಸರು ಸಿಕ್ಕಿದ್ದವು. ಆರು ಜನ ಗುಂಡಿಗೆ ಸತ್ತವರು. ಏಳನೆಯವನು ಡೇರೆಯಲ್ಲಿ ಮಲಗಿ, ಹೊಟ್ಟೆ ಕೆಟ್ಟು ಸತ್ತವನು. ಶಿಷ್ಯ ಏಳನೆಯ ಹೆಸರಿನ ಮೇಲೆ ಪೆನ್ಸಿಲಿನಿಂದ ತೆಳ್ಳಗೆ ಗೆರೆ ಎಳೆದುಕೊಂಡು ಬಂದಿದ್ದ. ಗುರುಗಳು ಒಪ್ಪಿದರೆ ಮಸಿಯಿಂದ ಎಳೆಯಬಹುದು ಎಂದುಕೊಂಡಿದ್ದ.

ಗುರುಗಳು ಪಟ್ಟಿ ಓದಿದರು. ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಂದು ಕೆರೆ. ಕೆರೆಯ ಏರಿಯ ಮೇಲೆ ಹದಿನಾಲ್ಕು ವೀರಗಲ್ಲು. ಆ ಊರಿನವರಿಗೆ ಕೆರೆಗಿಂತ ಕಲ್ಲುಗಳ ಮೇಲೆ ಅಭಿಮಾನ ಹೆಚ್ಚು. ಕೆರೆಯಲ್ಲಿ ಕೆಲವು ವರ್ಷ ನೀರಿರುತ್ತಿರಲಿಲ್ಲ. ಕಲ್ಲುಗಳು ಎಲ್ಲ ವರ್ಷವೂ ಇರುತ್ತಿದ್ದವು.

ವೀರಗಲ್ಲಿಗೆ ಮೂರು ಅಂಕಣ, ಒಂದರ ಮೇಲೊಂದು. ಮೇಲಿನ ಅಂಕಣದಲ್ಲಿ ಸತ್ತವನು ಶಿವನ ಮುಂದೆ ಕೈಮುಗಿದು ಕೂತಿರುತ್ತಾನೆ. ನಡುವಿನದರಲ್ಲಿ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಈ ಎರಡು ಎಲ್ಲ ಕಲ್ಲಿನಲ್ಲೂ ಒಂದೇ. ಸ್ವರ್ಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೀತಿ ಮಾಡುವ ಪದ್ಧತಿ ಇದ್ದಂತಿಲ್ಲ. ಬೇರೆಯಾಗುವುದು ಕೆಳಗಿನ ಅಂಕಣ ಮಾತ್ರ. ಅಲ್ಲಿ ಅವನು ಸತ್ತ ಬಗೆಯನ್ನು ಕೆತ್ತುತ್ತಾರೆ. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತನೋ, ಹೆಣ್ಣುಮಕ್ಕಳನ್ನು ಕಾಯಲು ಹೋಗಿ ಸತ್ತನೋ, ಕಾಡುಹಂದಿ ತಿವಿದು ಸತ್ತನೋ, ಅದು ಅಲ್ಲಿರಬೇಕು. ಸತ್ತ ಬಗೆ ಗೊತ್ತಿಲ್ಲದವನಿಗೆ ಕಲ್ಲಿಲ್ಲ. ಅದು ಊರಿನ ಕಟ್ಟಳೆ.

ಮಹಾಲಯ ಅಮಾವಾಸ್ಯೆಯ ಬೆಳಗ್ಗೆ ಕಲ್ಲಿರುವ ಮನೆಗಳವರು ಏರಿಗೆ ಹೋಗಿ ತಮ್ಮ ತಮ್ಮ ಕಲ್ಲಿಗೆ ಎಣ್ಣೆ ಎರೆಯುತ್ತಿದ್ದರು. ಮೊದಲ ಎಣ್ಣೆ ಊರ ಗೌಡನದು. ಗೌಡನ ಮುತ್ತಾತನ ಮುತ್ತಾತ ಬರಿಗೈಯಲ್ಲಿ ಹುಲಿಯೊಡನೆ ಹೋರಾಡಿ ಸತ್ತವನು. ಆ ಮನೆಗೆ ಹುಲಿಮನೆ ಎಂದೇ ಹೆಸರು. ಎಣ್ಣೆ ಎರೆದ ಮೇಲೆ ಗೌಡ ಆ ಹೋರಾಟವನ್ನು ವಿವರಿಸುತ್ತಿದ್ದ. ಹುಲಿ ವರ್ಷಕ್ಕೊಂದು ಗೇಣು ಬೆಳೆಯುತ್ತಿತ್ತು.

ಅದೇ ಊರಿನಲ್ಲಿ ಓಬಯ್ಯ ಎಂಬ ಗಾಡಿ ಹೊಡೆಯುವವನಿದ್ದ. ಈ ಕತೆಯಲ್ಲಿ ಹೆಸರಿರುವುದು ಅವನೊಬ್ಬನಿಗೆ. ದೊಡ್ಡ ಯುದ್ಧ ಬಂದಾಗ ಅವನು ಸೈನ್ಯ ಸೇರಿ ಸಮುದ್ರ ದಾಟಿ ಹೋದ. ಹೆಂಡತಿ ಆಗ ಐದು ತಿಂಗಳ ಬಸುರಿ. ಮಗಳು ಹುಟ್ಟಿ ಸ್ವಲ್ಪ ದಿನಕ್ಕೆ ಸರ್ಕಾರದ ಕಾಗದ ಬಂತು. ಓಬಯ್ಯ ಸತ್ತಿದ್ದಾನೆ ಎಂದು ಅದರಲ್ಲಿತ್ತು. ಇಂಥ ದೇಶದ ಇಂಥ ಜಾಗದಲ್ಲಿ ಹೂತಿದ್ದೇವೆ ಎಂದಿತ್ತು. ಹೇಗೆ ಸತ್ತ ಎಂದಿರಲಿಲ್ಲ.

ಕಾಗದದಲ್ಲಿ ಬಿಟ್ಟಿದ್ದ ಜಾಗವನ್ನು ಊರು ತನಗೆ ತೋಚಿದಂತೆ ತುಂಬಿಕೊಂಡಿತು. ಓಡಿಹೋಗುವಾಗ ಬೆನ್ನಿಗೆ ಗುಂಡು ಬಿದ್ದು ಸತ್ತನಂತೆ ಎಂದರು ಕೆಲವರು. ಸತ್ತೇ ಇಲ್ಲ, ಅಲ್ಲೇ ಒಬ್ಬಳನ್ನು ಕಟ್ಟಿಕೊಂಡು ಸುಖವಾಗಿದ್ದಾನೆ ಎಂದರು ಕೆಲವರು. ಎರಡನ್ನೂ ಒಟ್ಟಿಗೆ ನಂಬಿದವರೂ ಇದ್ದರು.

ಮಗಳು ಓಡಿಹೋದವನ ಮಗಳಾಗಿ ಬೆಳೆದಳು. ತಾಯಿ ತೀರಿಕೊಂಡ ಮೇಲೆ ಅವಳು ಊರಿನ ಕಲ್ಲುಕುಟಿಗನ ಬಳಿ ಹೋದಳು.

"ನಮ್ಮಪ್ಪನಿಗೆ ಒಂದು ಕಲ್ಲು ಕೆತ್ತಿಕೊಡು."

"ಹೇಗೆ ಸತ್ತ?"

"ತಿಳಿದುಕೊಳ್ತೀನಿ. ನೀನು ಮೇಲಿನಿಂದ ಶುರುಮಾಡು."

ಕಲ್ಲುಕುಟಿಗ ಮೇಲಿನ ಎರಡು ಅಂಕಣ ಕೆತ್ತಿ ಮುಗಿಸಿದ. ಕೆಳಗಿನದನ್ನು ನುಣ್ಣಗೆ ಮಾಡಿ ಬಿಟ್ಟ. ಕಲ್ಲು ಅವನ ಅಂಗಳದಲ್ಲಿ ಆರು ವರ್ಷ ಮಲಗಿತ್ತು. ಅವನ ಹೆಂಡತಿ ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಓಬಯ್ಯ ಸ್ವರ್ಗ ಸೇರಿ ಆರು ವರ್ಷವಾಗಿತ್ತು. ಸಾಯುವುದೊಂದು ಬಾಕಿ ಇತ್ತು.

ಆ ಆರು ವರ್ಷವೂ ಅಮಾವಾಸ್ಯೆಯ ದಿನ ಮಗಳು ಎಣ್ಣೆಯ ಬಟ್ಟಲು ಹಿಡಿದು ಏರಿಗೆ ಹೋಗುತ್ತಿದ್ದಳು. ಎಲ್ಲರೂ ಎರೆಯುವುದನ್ನು ನೋಡಿ, ತುಂಬಿದ ಬಟ್ಟಲಿನೊಡನೆ ಮನೆಗೆ ಬರುತ್ತಿದ್ದಳು. ದಾರಿಯಲ್ಲಿ ಯಾರಾದರೂ ಒಬ್ಬರು, "ಹೋಗಲಿ ಬಿಡು, ಒಗ್ಗರಣೆಗಾದರೂ ಆಯ್ತು" ಎಂದು ಸಮಾಧಾನ ಹೇಳುತ್ತಿದ್ದರು.

ಏಳನೆಯ ವರ್ಷ ಸರ್ಕಾರಕ್ಕೆ ಒಂದು ಯೋಚನೆ ಬಂತು. ಹೊರದೇಶಗಳಲ್ಲಿ ಮಣ್ಣಾದ ಸೈನಿಕರ ಮನೆಯವರನ್ನು ಒಮ್ಮೆ ಆ ಸಮಾಧಿಗಳಿಗೆ ಕರೆದುಕೊಂಡು ಹೋಗಿ ಬರುವುದೆಂದು. ಪಟ್ಟಿಯಲ್ಲಿ ಓಬಯ್ಯನ ಹೆಸರಿತ್ತು. ಒಬ್ಬ ಗುಮಾಸ್ತ ಬಂದು ಮಗಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ.

ಹೊರಡುವ ದಿನ ಗೌಡ ಅರಳಿಕಟ್ಟೆಯ ಮೇಲೆ ಕೂತು, ಎಲ್ಲರಿಗೂ ಕೇಳುವಂತೆ ಹೇಳಿದ: "ಹೋಗಿ ಬಾರಮ್ಮ. ಹೇಗೆ ಸತ್ತ ಅಂತ ತಿಳಿದುಕೊಂಡು ಬಾ. ಗಾಯ ಎದೆಯಲ್ಲಿದ್ದರೆ ನಿಮ್ಮಪ್ಪನ ಕಲ್ಲಿಗೆ ಮೊದಲ ಎಣ್ಣೆ ನಾನೇ ಎರೀತೀನಿ. ಬೆನ್ನಲ್ಲಿದ್ದರೆ, ಏನೂ ತಿಳಿಯದೆ ಬಂದರೂ ಅಷ್ಟೇ, ಆ ಕಲ್ಲನ್ನು ಕಲ್ಲುಕುಟಿಗ ತನ್ನ ಮನೆ ಹೊಸಿಲಿಗೆ ಹಾಕಿಕೊಳ್ಳಲಿ."

"ಅದರಲ್ಲಿ ಶಿವ ಇದ್ದಾನಲ್ಲ ಗೌಡ್ರೆ" ಎಂದಳು ಮಗಳು. "ಅವನನ್ನ ತುಳಿದು ದಾಟೋರು ಯಾರು ಅಂತ ಈಗಲೇ ಗೊತ್ತುಮಾಡಿಡಿ."

ಅವಳು ಹೋದಳು. ತಂಡದ ಜೊತೆ ಅದೇ ಗುಮಾಸ್ತ ಬಂದಿದ್ದ. ಆ ದೇಶದಲ್ಲಿ ಮರಳು ಬಿಟ್ಟರೆ ಹೆಚ್ಚೇನಿರಲಿಲ್ಲ. ಮರಳಿನ ನಡುವೆ ಒಂದು ಗೋಡೆ, ಗೋಡೆಯ ಒಳಗೆ ಹುಲ್ಲು, ಹುಲ್ಲಿನ ಮೇಲೆ ಸಾವಿರದ ಇನ್ನೂರು ಕಲ್ಲು. ಎಲ್ಲವೂ ಸೊಂಟದೆತ್ತರ. ದಂಡನಾಯಕನ ಕಲ್ಲೂ ಅಷ್ಟೇ, ಅವನಿಗೆ ಅಡುಗೆ ಮಾಡಿದವನ ಕಲ್ಲೂ ಅಷ್ಟೇ. ಸಾಲು ಬಹಳ ನೇರವಾಗಿತ್ತು. ಬದುಕಿದ್ದಾಗ ಇವರನ್ನು ಇಷ್ಟು ನೇರ ನಿಲ್ಲಿಸಲು ಯಾವ ಹವಾಲ್ದಾರನಿಗೂ ಆಗಿರಲಾರದು.

ಬಂದವರು ತಮಗೆ ತಿಳಿದಂತೆ ಸತ್ತವರನ್ನು ನೆನೆದರು. ಅಧಿಕಾರಿಗಳು ಗಾಡಿಯ ಚಕ್ರದಷ್ಟು ದೊಡ್ಡ ಹೂಮಾಲೆಯನ್ನು ಇಟ್ಟರು. ಅದಕ್ಕೆ ಕಟ್ಟಿದ್ದ ಬಟ್ಟೆಯ ಪಟ್ಟಿಯ ಮೇಲೆ ಇಟ್ಟವರ ಹೆಸರು ದೊಡ್ಡದಾಗಿತ್ತು. ಸತ್ತವರ ಹೆಸರು ಹೇಗೂ ಕಲ್ಲಿನ ಮೇಲಿತ್ತು. ಆಮೇಲೆ ಎರಡು ನಿಮಿಷ ಮೌನ. ಮೌನ ಮುಗಿಯಿತೆಂದು ಗುಮಾಸ್ತ ಕೂಗಿ ಹೇಳಿದ. ಒಬ್ಬ ವ್ಯಾಪಾರಿ ಅಣ್ಣನ ಕಲ್ಲಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಕಲ್ಲು ಸರಿಯಾಗಿ ಬಂತೋ ಇಲ್ಲವೋ ಎಂದು ಇನ್ನೊಂದು ತೆಗೆಸಿದ. ಒಬ್ಬ ಮುದುಕ ತಮ್ಮನ ಕಲ್ಲಿನ ಮುಂದೆ ಒಂದು ಕಟ್ಟು ಬೀಡಿ ಇಟ್ಟ. ಸ್ವಲ್ಪ ಹೊತ್ತು ಯೋಚಿಸಿ, ಅದರಲ್ಲೇ ಒಂದನ್ನು ಎಳೆದು ತಾನು ಹಚ್ಚಿದ. ಒಬ್ಬಾಕೆ ಗಂಡನ ಕಲ್ಲನ್ನು ಸೆರಗಿನಿಂದ ಒರೆಸುತ್ತ, "ಸುಗ್ಗಿಗೆ ಬರ್ತೀನಿ ಅಂದಿದ್ದೆಯಲ್ಲ. ಯಾವ ಸುಗ್ಗಿ ಅಂತ ನಾನು ಕೇಳಲಿಲ್ಲ, ನನ್ನದೇ ತಪ್ಪು" ಎಂದಳು.

ಓಬಯ್ಯನ ಮಗಳು ಅಳಲಿಲ್ಲ. ಅವಳಿಗೆ ಕೆಲಸವಿತ್ತು. ಗುಮಾಸ್ತ ಕಲ್ಲು ಹುಡುಕಿಕೊಟ್ಟು, ಹೆಸರು ಓದಿ ಹೇಳಿದ. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟಳು. ಆಮೇಲೆ, "ಹೇಗೆ ಸತ್ತ ಅಂತ ಎಲ್ಲಿ ಬರೆದಿದೆ?" ಎಂದು ಕೇಳಿದಳು.

ಗೋಡೆಯ ಗೂಡೊಂದರಲ್ಲಿ, ಹಿತ್ತಾಳೆಯ ಬಾಗಿಲಿನ ಹಿಂದೆ, ಒಂದು ಪುಸ್ತಕವಿತ್ತು. ಗುಮಾಸ್ತ ಅದನ್ನು ತೆರೆದು ಓದಿದ. ಓಬಯ್ಯನ ಹೆಸರು, ಅವನ ತಂದೆಯ ಹೆಸರು, ಊರು, ಸತ್ತ ದಿನ. ಪುಟ ತಿರುಗಿಸಿದ. ಆ ಕಡೆ ಬೇರೆಯವರು ಶುರುವಾಗಿದ್ದರು.

"ಅಷ್ಟೇನಾ?"

"ಅಷ್ಟೇ."

ಒಬ್ಬ ತೋಟಗಾರ ಕಲ್ಲುಗಳ ನಡುವೆ ಕೂತು ಕಳೆ ಕೀಳುತ್ತಿದ್ದ. ಆ ದೇಶದವನೇ. ಮಗಳು ಗುಮಾಸ್ತನನ್ನು ಎಳೆದುಕೊಂಡು ಅವನ ಬಳಿ ಹೋದಳು. ಇಲ್ಲಿರುವವರು ಹೇಗೆ ಹೇಗೆ ಸತ್ತರೆಂದು ನಿನಗೆ ಗೊತ್ತೇ ಎಂದು ಕೇಳಿಸಿದಳು.

ತೋಟಗಾರ ಕೈಯ ಮಣ್ಣು ಒದರಿಕೊಂಡ. "ಕೆಲಸಕ್ಕೆ ಸೇರಿದಾಗ ನಾನೂ ಕೇಳಿದೆ. ಕಳೆ ಕೀಳೋದಕ್ಕೆ ಅದು ಬೇಕೇನು ಅಂತ ಮೇಲಿನವರು ಕೇಳಿದರು. ಯೋಚನೆ ಮಾಡಿದೆ. ಬೇಕಿರಲಿಲ್ಲ" ಎಂದು ಹೇಳಿ ಮತ್ತೆ ಕಳೆ ಕೀಳತೊಡಗಿದ.

ಅವಳು ಅಪ್ಪನ ಕಲ್ಲಿನ ಬಳಿಗೆ ಹಿಂದಿರುಗಿದಾಗ, ಅಲ್ಲಿ ಮಡಿಸುವ ಕುರ್ಚಿಯೊಂದನ್ನು ಹಾಕಿಕೊಂಡು ಒಬ್ಬ ಬಿಳಿಯ ಮುದುಕಿ ಕೂತಿದ್ದಳು. ಓಬಯ್ಯನ ಪಕ್ಕದ ಕಲ್ಲು ಅವಳ ಮಗನದು. ಅವಳ ಕೈಯಲ್ಲಿ ಎರಡು ಹೂವಿದ್ದವು. ಒಂದನ್ನು ಮಗನ ಕಲ್ಲಿಗಿಟ್ಟಳು. ಇನ್ನೊಂದನ್ನು ಓಬಯ್ಯನ ಕಲ್ಲಿಗಿಟ್ಟಳು.

ಮಗಳು ಗುಮಾಸ್ತನ ಮುಖ ನೋಡಿದಳು. ಗುಮಾಸ್ತ ಮುದುಕಿಯನ್ನು ಮಾತಾಡಿಸಿದ. ಮುದುಕಿ ಎರಡು ಮಾತಾಡಿದರೆ ಅವನು ನಾಲ್ಕು ಹೇಳುತ್ತಿದ್ದ, ಮಗಳು ನಾಲ್ಕು ಮಾತಾಡಿದರೆ ಎರಡು. ಒಟ್ಟಿನಲ್ಲಿ ಸರಿಹೋಗುತ್ತಿತ್ತು.

"ಓಬಾಯನಿಗೆ ನೀನು ಏನಾಗಬೇಕು?" ಎಂದಳು ಮುದುಕಿ. ಹೆಸರನ್ನು ಅವಳು ಹಾಗೆ ಕರೆಯುತ್ತಿದ್ದಳು.

"ಮಗಳು."

ಮುದುಕಿ ಎದ್ದು, ಕುರ್ಚಿಯನ್ನು ಅವಳ ಕಡೆಗೆ ತಳ್ಳಿದಳು. "ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ, ಇವನ ಕಡೆಯವರು ಯಾರಾದರೂ ಬಂದಾರೇನೋ ಎಂದು. ನಾನು ಬರುವುದು ವರ್ಷಕ್ಕೆ ಒಂದು ದಿನ. ಉಳಿದ ದಿನವೆಲ್ಲ ನನ್ನ ಮಗನಿಗೆ ಇವನೇ ದಿಕ್ಕು. ನೆರೆಯವನ ಎದುರಿಗೆ ಮಗನಿಗೊಬ್ಬನಿಗೇ ಹೂ ಕೊಡುವುದು ಹೇಗೆ? ಅದಕ್ಕೆ ಎರಡು ತರುತ್ತೇನೆ."

ಮಗಳು ಕುರ್ಚಿಯಲ್ಲಿ ಕೂರಲಿಲ್ಲ. ಹುಲ್ಲಿನ ಮೇಲೆ ಕೂತಳು. ಬಂದ ಕೆಲಸ ಮರೆಯಲಿಲ್ಲ. "ಇವರು ಹೇಗೆ ಸತ್ತರು ಅಂತ ನಿಮಗೇನಾದರೂ ಗೊತ್ತೇ ಅಮ್ಮ?"

"ನನ್ನ ಮಗ ಸತ್ತ ಕಾಗದ ಬಂದಾಗ ಮೊದಲ ಸಾಲು ಮಾತ್ರ ಓದಿ ಮಡಿಸಿಟ್ಟೆ" ಎಂದಳು ಮುದುಕಿ. "ಅವನು ಹುಟ್ಟಿದ್ದು ಹೇಗೆ ಎಂದು ಕೇಳು, ಹೇಳುತ್ತೇನೆ. ಹಗಲೂ ರಾತ್ರಿ ಹಿಡಿಯಿತು. ಸೂಲಗಿತ್ತಿಯೇ ಕೈಬಿಟ್ಟಿದ್ದಳು." ಆಮೇಲೆ, "ಇಷ್ಟು ವರ್ಷ ನನಗೂ ಒಂದು ಕೇಳಬೇಕೆಂದಿತ್ತು. ನಿನ್ನ ಅಪ್ಪ ಎಂಥವನು? ಪಕ್ಕದಲ್ಲಿ ಎಂಥವನಿದ್ದಾನೆ ಎಂದು ತಾಯಿಗೆ ತಿಳಿಯಬೇಕಲ್ಲ" ಎಂದಳು.

"ನಾನು ಹುಟ್ಟೋ ಮೊದಲೇ ಹೋದ. ನನಗೂ ಈ ಕಲ್ಲೇ ಪರಿಚಯ."

"ನಿನ್ನ ತಾಯಿ ಏನೂ ಹೇಳಲಿಲ್ಲವೇ?"

ಮಗಳು ಯೋಚಿಸಿದಳು. ತಾಯಿ ಹೇಳಿದ್ದು ಒಂದೇ ಒಂದು ಸಂಗತಿ. "ಗಾಡಿ ಹೊಡೀತಿದ್ದ. ಎತ್ತಿಗೆ ಯಾವತ್ತೂ ಬಾರುಕೋಲು ತಾಗಿಸಿದವನಲ್ಲವಂತೆ. ಬೈತಿದ್ದನಂತೆ. ಎತ್ತಿನ ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲರನ್ನೂ ಎಳೆದು ತಂದು ಬೈತಿದ್ದನಂತೆ. ಮಾನ ಹೋಗುತ್ತೆ ಅಂತ ಎತ್ತು ತಾನೇ ನಡೀತಿತ್ತಂತೆ."

ಗುಮಾಸ್ತ ಇದನ್ನು ಪೂರ್ತಿಯಾಗಿ ಹೇಳಿದ. ಆ ದಿನ ಅವನು ಒಂದು ಮಾತೂ ಬಿಡದೆ ದಾಟಿಸಿದ್ದು ಇದೊಂದನ್ನೇ.

ಮುದುಕಿ ನಕ್ಕಳು. ನಕ್ಕು, ಕೆಮ್ಮಿ, ಮತ್ತೆ ನಕ್ಕಳು. ಮಗನ ಕಲ್ಲಿನ ಮೇಲೆ ಕೈಯಿಟ್ಟು, "ಕೇಳಿಸಿತೇನೋ? ಪಕ್ಕದವನು ಎತ್ತಿಗೆ ಬೈಯುತ್ತಿದ್ದನಂತೆ. ನಿನಗೆ ಇಷ್ಟು ದಿನ ಬೇಜಾರಾಗಿರಲಾರದು ಬಿಡು" ಎಂದಳು.

ಆಗ ಓಬಯ್ಯನ ಮಗಳು ಅತ್ತಳು. ಆ ಅಳುವಿನಲ್ಲಿ ದುಃಖ ಸ್ವಲ್ಪವೇ ಇತ್ತು. ಅವಳ ಅಪ್ಪನ ವಿಷಯ ಕೇಳಿ ಯಾರಾದರೂ ಪ್ರೀತಿಯಿಂದ ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಹಿಂದಿರುಗುವಾಗ ಹಡಗಿನಲ್ಲಿ ಗುಮಾಸ್ತ ಅವಳ ಪಕ್ಕದಲ್ಲಿ ಬಂದು ಕೂತ. ಊರಿನ ಕಟ್ಟಳೆ ಅವನಿಗೂ ಗೊತ್ತಾಗಿತ್ತು. ಒಳ್ಳೆಯ ಮನುಷ್ಯ. ತಗ್ಗಿದ ದನಿಯಲ್ಲಿ, "ಎದೆಗೆ ಗುಂಡು, ಕೈಯಲ್ಲಿ ಬಾವುಟ, ಬಾಯಲ್ಲಿ ತಾಯ್ನಾಡಿನ ಹೆಸರು ಅಂತ ಹೇಳಿಬಿಡಿ. ಬೇಕಾದರೆ ಬರೆದೂ ಕೊಡ್ತೀನಿ. ಹಿಂದಿನ ಮೂರು ತಂಡದವರಿಗೂ ಇದನ್ನೇ ಕೊಟ್ಟಿದ್ದೀನಿ. ಎಲ್ಲೂ ಯಾರೂ ತಕರಾರು ಮಾಡಿಲ್ಲ" ಎಂದ.

ಅವಳು ಸಮುದ್ರದ ಕಡೆ ನೋಡಿದಳು. ಹೊಸಿಲಿಗೆ ಹೋಗುವ ಕಲ್ಲು ಕಣ್ಣ ಮುಂದೆ ಬಂತು. ಒಂದು ಸುಳ್ಳು ಹೇಳಿದರೆ ಕಲ್ಲು ಕೆರೆಯ ಏರಿ ಹತ್ತುತ್ತಿತ್ತು. ಕೇಳಿ ನೋಡಲು ಸಮುದ್ರ ದಾಟಿ ಹೋಗುವವರು ಆ ಊರಿನಲ್ಲಿ ಯಾರೂ ಇರಲಿಲ್ಲ.

"ಬೇಡ ಸ್ವಾಮಿ" ಎಂದಳು. "ಅದು ಆಗಲೇ ಎಷ್ಟೋ ಜನ ಸತ್ತ ಸಾವು. ನಮ್ಮಪ್ಪನಿಗೆ ಇನ್ನೊಬ್ಬರು ಉಟ್ಟು ಬಿಟ್ಟದ್ದು ಬೇಡ."

ಅವಳು ಊರು ತಲುಪಿ ನಾಲ್ಕು ದಿನಕ್ಕೆ ಮಹಾಲಯ ಅಮಾವಾಸ್ಯೆ ಬಂತು. ಎಣ್ಣೆಯ ಬಟ್ಟಲು ಹಿಡಿದು ಏರಿಗೆ ಹೋದಳು. ಊರೆಲ್ಲ ಸೇರಿತ್ತು. ಕಲ್ಲುಕುಟಿಗನೂ ಇದ್ದ. ಗೌಡ ತನ್ನ ಹಿರಿಯನ ಕಲ್ಲಿನ ಪಕ್ಕದಲ್ಲಿ ನಿಂತು ಕೇಳಿದ: "ಏನಮ್ಮ, ಎದೆಯೋ ಬೆನ್ನೋ?"

"ಗೊತ್ತಾಗಲಿಲ್ಲ ಗೌಡ್ರೆ. ಅಲ್ಲಿ ಅದನ್ನ ಬರೆಯೋದಿಲ್ಲ."

"ಯಾರದ್ದೂ?"

"ಸಾವಿರದ ಇನ್ನೂರು ಜನ ಇದ್ದಾರೆ. ಒಬ್ಬರದ್ದೂ ಇಲ್ಲ."

"ಮತ್ತೆ ಶೂರ ಯಾರು, ಹೇಡಿ ಯಾರು ಅಂತ ಬಂದವರಿಗೆ ತಿಳಿಯೋದು ಹೇಗೆ?"

"ತಿಳಿಯೋದಿಲ್ಲ. ಹೂವಿಟ್ಟು ಹೋಗ್ತಾರೆ."

"ವ್ಯವಸ್ಥೆ ಇಲ್ಲದ ದೇಶ" ಎಂದ ಗೌಡ. ಜನ ನಕ್ಕರು. ಅವಳು ನಗುವವರ ಮುಖವನ್ನು ಒಂದೊಂದಾಗಿ ನೋಡಿದಳು. ತಲೆ ತಗ್ಗಿಸಲಿಲ್ಲ. ಗೌಡ ತನ್ನ ಹಿರಿಯನ ಕಲ್ಲಿನ ಮೇಲೆ ಕೈಯಿಟ್ಟ. "ಇಲ್ಲಿ ನೋಡು. ಇದಕ್ಕೆ ವೀರಗಲ್ಲು ಅಂತಾರೆ. ನಮ್ಮ ಹಿರಿಯ ಹುಲಿ ಜೊತೆ ಹೋರಾಡಿ ಸತ್ತ. ಹಾಗಂತ ಕೆತ್ತಿದೆ. ಯಾರು ಬೇಕಾದರೂ ಬಂದು ನೋಡಬಹುದು."

"ಎಲ್ಲಿದೆ ಗೌಡ್ರೆ ಹುಲಿ?" ಎಂದ ಕಲ್ಲುಕುಟಿಗ. ಅವನು ಕುಹಕದಿಂದ ಕೇಳಲಿಲ್ಲ. ಕಸುಬಿನವನು, ಹಳೆಯ ಕೆತ್ತನೆ ನೋಡುವ ಆಸೆಯಿಂದ ಬಗ್ಗಿ ನೋಡಿದ್ದ. ಅವನಿಗೆ ಕಂಡದ್ದು ಎಣ್ಣೆ ಮಾತ್ರ. ವರ್ಷ ವರ್ಷ ಎರೆದ ಎಣ್ಣೆ ಧೂಳಿನೊಡನೆ ಸೇರಿ ಹೆಬ್ಬೆರಳ ದಪ್ಪ ಕಟ್ಟಿಕೊಂಡಿತ್ತು.

"ಎಣ್ಣೆಯ ಕೆಳಗಿದೆ."

"ನೀವು ನೋಡಿದ್ದೀರಾ?"

"ನಮ್ಮಪ್ಪ ಹೇಳಿದ್ದು."

"ಅವರು ನೋಡಿದ್ದರೇ?"

"ಅವರಪ್ಪ ಹೇಳಿದ್ದು. ಸಂಶಯವಿದ್ದರೆ ತೊಳೆದು ನೋಡಯ್ಯ. ನಮ್ಮ ಹುಲಿಗೇನು ಮರೆಯಲ್ಲಿರಬೇಕು ಅನ್ನೋ ಹಣೆಬರಹವೇ?"

ಬಿಸಿನೀರು ಬಂತು. ಸೀಗೆಪುಡಿ ಬಂತು, ತೆಂಗಿನ ನಾರು ಬಂತು. ಕಲ್ಲುಕುಟಿಗ ಮೇಲಿನಿಂದ ಉಜ್ಜಿದ. ಶಿವ ಕಾಣಿಸಿಕೊಂಡ. ಜನ ಕೈಮುಗಿದರು. ಅಪ್ಸರೆಯರು ಕಾಣಿಸಿಕೊಂಡರು. ಕೆಳಗಿನ ಅಂಕಣದಲ್ಲಿ ಮೊದಲು, ನೆಲಕ್ಕೆ ಬಿದ್ದ ಒಬ್ಬ ಮನುಷ್ಯ. ಆಮೇಲೆ ನಾಲ್ಕು ಕಾಲು. "ನೋಡಿ" ಎಂದ ಗೌಡ. ಆಮೇಲೆ ಬಾಲ. ಆಮೇಲೆ ತಲೆ. ತಲೆಯ ಮೇಲೆ ಕುಡುಗೋಲಿನಂತೆ ಹಿಂದಕ್ಕೆ ಬಾಗಿದ ಎರಡು ಕೊಂಬು.

ಕಲ್ಲುಕುಟಿಗ ಉಜ್ಜುವುದನ್ನು ನಿಲ್ಲಿಸಬಹುದಿತ್ತು. ಕಸುಬಿನವನಾದ್ದರಿಂದ ಮುಗಿಸಿದ. ಹೊಟ್ಟೆಯ ಕೆಳಗೆ ಕೆಚ್ಚಲು ಕಾಣಿಸಿತು. ಹಳೆಯ ಕಾಲದವರು ಕೆಲಸದಲ್ಲಿ ಏನನ್ನೂ ಬಿಡುತ್ತಿರಲಿಲ್ಲ.

ಅದು ಎಮ್ಮೆ.

ಹಿಂದಿನಿಂದ ಒಬ್ಬ, "ಹೊತ್ತಿಗೆ ಎಷ್ಟು ಹಾಲು ಕೊಡುತ್ತಿತ್ತೋ ಹುಲಿ" ಎಂದ. ಯಾರೋ ಅವನ ಪಕ್ಕೆ ತಿವಿದರು. ಗೌಡ ಕಲ್ಲನ್ನೇ ನೋಡುತ್ತಿದ್ದ. ಅವನ ಕೈಯಲ್ಲಿ ಎಣ್ಣೆಯ ಬಟ್ಟಲಿತ್ತು. ಕೈ ಮುಂದೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ತುಂಬಿದ ಬಟ್ಟಲು ಹಿಡಿದು ಏರಿಯ ಮೇಲೆ ನಿಲ್ಲುವುದು ಹೇಗಿರುತ್ತದೆಂದು ಆ ಜನರಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

ಓಬಯ್ಯನ ಮಗಳು ಮುಂದೆ ಬಂದಳು. ಅವಳು ಆಗ ಏನಾದರೂ ಹೇಳಬಹುದಿತ್ತು. ಹೇಳಿದ್ದರೆ ಊರು ಮೂರು ತಲೆಮಾರು ನೆನಪಿಡುತ್ತಿತ್ತು. ಅವಳು ತನ್ನ ಬಟ್ಟಲಿನ ಎಣ್ಣೆಯನ್ನು ಗೌಡನ ಹಿರಿಯನ ಕಲ್ಲಿಗೆ ಎರೆದಳು. ಶಿವನ ತಲೆಯ ಮೇಲಿಂದ ಎಮ್ಮೆಯ ಕೊಂಬಿನವರೆಗೆ ನಿಧಾನವಾಗಿ ಎರೆದಳು.

"ಹುಲಿಯೋ ಎಮ್ಮೆಯೋ, ಏನಾದರೇನು ಗೌಡ್ರೆ" ಎಂದಳು. "ಮನೆಯಿಂದ ಹೊರಟವರು ಮನೆಗೆ ಬರಲಿಲ್ಲ."

ಗೌಡ ಅವಳ ಬರಿದಾದ ಬಟ್ಟಲನ್ನು ನೋಡಿದ. ಅವನು ಅಹಂಕಾರಿ, ಆದರೆ ಸಣ್ಣವನಲ್ಲ. ತನ್ನ ಬಟ್ಟಲನ್ನು ಎತ್ತಿ ಹಿಡಿದುಕೊಂಡೇ ಕಲ್ಲುಕುಟಿಗನ ಕಡೆಗೆ ತಿರುಗಿದ. "ಓಬಯ್ಯನ ಕಲ್ಲನ್ನು ತಗೊಂಡು ಬಾರಯ್ಯ. ಈ ಎಣ್ಣೆ ಅವನಿಗೆ."

"ಕೆಳಗಿನ ಅಂಕಣ ಖಾಲಿ ಇದೆಯಲ್ಲ ಗೌಡ್ರೆ?"

"ಅವಳು ಸಮುದ್ರ ದಾಟಿ ಹೋಗಿ ಏನು ನೋಡಿ ಬಂದಳೋ ಅದನ್ನ ಕೆತ್ತು. ಸುಳ್ಳು ಹೇಳೋಳಾಗಿದ್ದರೆ ಬಂದ ದಿನವೇ ಹೇಳ್ತಿದ್ದಳು."

ಕೆತ್ತಲು ಒಂದು ವಾರ ಹಿಡಿಯಿತು. ಸಮ ಎತ್ತರದ ಎರಡು ಕಲ್ಲು, ಒಂದರ ಪಕ್ಕ ಒಂದು. ಅವುಗಳ ಮುಂದೆ ಒಬ್ಬ ಮುದುಕಿ. ಅವಳ ಕೈಯಲ್ಲಿ ಎರಡು ಹೂವು. ಮಡಿಸುವ ಕುರ್ಚಿಯ ಕಾಲು ಹೇಗಿರುತ್ತದೆಂದು ಕಲ್ಲುಕುಟಿಗ ಮೂರು ಸಲ ಕೇಳಿ, ಮೂರು ಸಲವೂ ನಂಬದೆ, ಕೊನೆಗೆ ಮಣೆ ಕೆತ್ತಿದ. ಏರಿಯ ಮೇಲೆ ಹದಿನೈದನೆಯ ಕಲ್ಲು ನಿಂತಿತು. ಮಾತು ಕೊಟ್ಟಂತೆ ಮೊದಲ ಎಣ್ಣೆ ಗೌಡ ಎರೆದ. ಎರಡನೆಯದು ಮಗಳದು. ಆ ದಿನ ಅವಳು ಖಾಲಿ ಬಟ್ಟಲು ಬೀಸಿಕೊಂಡು, ಊರ ನಡುವಿನ ಬೀದಿಯಲ್ಲೇ ಮನೆಗೆ ಹೋದಳು. ಹಿತ್ತಲ ದಾರಿ ಹತ್ತಿರವಾಗಿತ್ತು.

ಆ ಊರಿನ ಅಭಿಮಾನ ಆಮೇಲೇನೂ ಕಡಿಮೆಯಾಗಲಿಲ್ಲ. ಗೌಡ ಈಗಲೂ ಹಿರಿಯನ ಕತೆ ಹೇಳುತ್ತಾನೆ. ಹುಲಿಯ ಜೊತೆ ಸಾಯುವುದು ಯಾರಿಗೆ ಬೇಕಾದರೂ ಆಗುತ್ತದೆ, ಎಮ್ಮೆಯ ಜೊತೆ ಸಾಯಲು ಗಂಡೆದೆ ಬೇಕು ಎನ್ನುತ್ತಾನೆ. ಎಮ್ಮೆ ವರ್ಷಕ್ಕೊಂದು ಗೇಣು ಬೆಳೆಯುತ್ತಿದೆ. ಪರ ಊರಿನವರು ಓಬಯ್ಯನ ಕಲ್ಲು ನೋಡಿ, ಇವನು ಹೇಗೆ ಸತ್ತ ಎಂದು ಕೇಳಿದರೆ ಊರವರು ಎದೆ ಸೆಟೆಸಿ, "ನಮ್ಮೂರಲ್ಲಿ ಅದನ್ನೆಲ್ಲ ಕೇಳೋ ಪದ್ಧತಿ ಇಲ್ಲ" ಎನ್ನುತ್ತಾರೆ. ಸಾವಿರ ವರ್ಷದಿಂದ ಕೇಳದೇ ಇದ್ದವರ ಹಾಗೆ ಹೇಳುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

ಮುಂದೆ ಏನೂ ಬರದಿರುವುದನ್ನು ಕಂಡು ಶಿಷ್ಯ ಕೇಳಿದ: "ಎಲ್ಲ ಅರ್ಥವಾಯಿತು ಗುರುಗಳೇ. ಆದರೆ ಆ ಓಬಯ್ಯ ನಿಜವಾಗಿ ಸತ್ತದ್ದು ಹೇಗೆ?"

ಗುರುಗಳು ಹೇಳಿದರು: "ಅವನಿಗೆ ಮೂವತ್ತು ವರ್ಷ ಹೂವಿಟ್ಟವಳಿಗೆ ಬೇಕಾಗದೆ ಇದ್ದದ್ದು, ಒಂದು ಹೂವನ್ನೂ ಇಡದ ನಿನಗೆ ಏಕೆ ಬೇಕಾಯಿತು?"